ನೀಲಿ ತುಟಿಯವರನ್ನು ಈ ಭಾನುವಾರ ಕರೆಯಬೇಡಿ

ವಾಹಿನಿಯ ಚಲನಚಿತ್ರ ವಿಭಾಗದ ಮುಖ್ಯಸ್ಥರೇ,

ಮಾನ್ಯರೇ, ಖಡಕ್ಕಾಗಿ ಬರೆಯಬೇಕೆಂದೇ ಕೂತಿದ್ದೇನೆ. ನೀವು ಮಧ್ಯಾಹ್ನ ಹಾಕುವ ವೈಜ್ಞಾನಿಕ ಚಿತ್ರಗಳಿಂದ ನನಗೆ ಭಯ ಹುಟ್ಟಿದೆ. ಅವು ಹೆದರಿಸುವಂತಿವೆ ಎಂದು ಹಿಗ್ಗಬೇಡಿ. ಅವನ್ನು ನೋಡಿ ನಗುವುದನ್ನು ಕಲಿತದ್ದೇ ನನ್ನ ಭಯಕ್ಕೆ ಕಾರಣ.

ಗಡಿಯಾಚೆ ಆಂಧ್ರಕ್ಕೆ ಸೇರಿದ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಹಿಂಜೇಬು ಹೊಲಿಯುತ್ತೇನೆ. ಪಕ್ಕದ ಮಿಷನ್ನಿನಲ್ಲಿ ಓಬಕ್ಕ ಜಿಪ್ಪು ಕೂರಿಸುತ್ತಾಳೆ. ಊಟದ ಹೊತ್ತಿಗೆ ಗೋಡೆಯ ಟಿವಿಯಲ್ಲಿ ನಿಮ್ಮ ವಾಹಿನಿ. ಹೋದ ತಿಂಗಳು ನೀಲಿ ಗ್ರಹದವರ ಚಿತ್ರವನ್ನು ನಾಲ್ಕು ಸಲ ಹಾಕಿದಿರಿ. ಆಕಾಶನೌಕೆ ಎಂದರೆ ಒಂದರ ಮೇಲೊಂದು ಮಗುಚಿಟ್ಟ ಎರಡು ಪರಾತ, ಸುತ್ತ ಮದುವೆ ಮನೆಯ ಸೀರಿಯಲ್ ಲೈಟು. ಕೋಟಿ ಮೈಲಿ ದಾಟಿ ಬಂದವನಿಗೆ ಇಳಿಯುವ ಮೊದಲೇ ತೆಲುಗು ಬರುತ್ತದೆ, ಅದೂ ನಾಟಕದ ತೆಲುಗು. ಇಲ್ಲೇ ಹುಟ್ಟಿದ ನಮಗೇ ಅಷ್ಟು ಬಂದಿಲ್ಲ, ಅದಕ್ಕೇ ಈ ಕಾಗದ ಕನ್ನಡದಲ್ಲಿ. ವಿಜ್ಞಾನಿ ಎಂಬಾತ ಒಂದು ಲೋಟದ ಬಣ್ಣದ ನೀರನ್ನು ಇನ್ನೊಂದಕ್ಕೆ ಸುರಿದು "ಕಂಡುಹಿಡಿದೆ" ಎನ್ನುತ್ತಾನೆ. ಏನನ್ನು ಎಂದು ಹೇಳುವುದಿಲ್ಲ. ಓಬಕ್ಕ ಮಾತ್ರ ಅನ್ಯಗ್ರಹದವನ ಬೆನ್ನು ನೋಡಿದಳು. "ಲೋಕ ದಾಟಿ ಬಂದಾನ, ಜಿಪ್ಪು ನೆಟ್ಟಗ ಹಾಕ್ಸಿಲ್ಲ ನೋಡ್ರಿ! ನಮ್ಮ ಹನುಮೇಶ್ ಮೇಸ್ತ್ರಿ ಆಗಿದ್ರ ಪೀಸ್ ವಾಪಸ್ ಒಗೀತಿದ್ದ" ಎಂದಳು.

ಆ ಚಿತ್ರದಲ್ಲಿ ನೀಲಿ ಗ್ರಹದ ಗಾಳಿ ಸೋಕಿದವರಿಗೆ ಮೊದಲು ಉಗುರು ನೀಲಿಯಾಗುತ್ತದೆ, ಆಮೇಲೆ ತುಟಿ, ಆಮೇಲೆ ಏದುಸಿರು. ಆಮೇಲೆ ನೌಕೆ ಬಂದು ಒಯ್ಯುತ್ತದೆ. ನಮ್ಮಲ್ಲಿ ನೀಲಿ ಯಾರಿಗಿಲ್ಲ, ಸ್ವಾಮಿ? ಹೊಸ ಜೀನ್ಸ್ ಬಟ್ಟೆ ಮುಟ್ಟಿದ ಬೆರಳು ನೀಲಿ. ಕತ್ತರಿ ಹುಡುಕಲು ಪುರುಸೊತ್ತಿಲ್ಲದೆ ದಾರವನ್ನು ಹಲ್ಲಲ್ಲೇ ಕಡಿಯುವ ತುಟಿಯೂ ನೀಲಿ. ಬೆರಳು ಬೆಳ್ಳಗಿದ್ದರೆ ರಜೆಯಲ್ಲಿದ್ದಾಳೆ ಎಂದೇ ಅರ್ಥ.

ಹಾಗಾಗಿ ಓಬಕ್ಕ ಮೆಟ್ಟಿಲು ಹತ್ತಿ ಬಂದು, "ಯಾಕೋ ಉಸಿರು ಸಾಲವಲ್ದು ಆಶಾ" ಎಂದಾಗ ನಾನು ಅವಳ ತುಟಿ ನೋಡಿ, "ಅಕ್ಕಾ, ನಿನ್ನ ಕರ್ಕೊಂಡು ಹೋಗಾಕ ನೌಕೆ ಬಂತೇನ?" ಎಂದೆ. ಸಾಲಿಗೆ ಸಾಲೇ ನಕ್ಕಿತು. ಅವಳೂ ಎರಡು ಕೈ ಮುಂದೆ ಚಾಚಿ ಅನ್ಯಗ್ರಹದವನ ಹಾಗೆ ನಡೆದು ತೋರಿಸಿದಳು. ಮರುದಿನವೂ ಅದೇ ತಮಾಷೆ. ಮೂರನೆಯ ದಿನ ಮಿಷನ್ನಿನ ಮೇಲೆಯೇ ಒರಗಿದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಅವಳ ಬೆರಳಿಗೆ ಸ್ಪಿರಿಟ್ ಹಚ್ಚಿ ಒರೆಸಿದರು. ನಮ್ಮ ಬಟ್ಟೆಯ ನೀಲಿ ಹತ್ತಿಗೆ ಬಂತು. ಉಗುರಿನೊಳಗಿನ ನೀಲಿ ಹಾಗೇ ಇತ್ತು. ಹೃದಯದ ಕವಾಟ ಕೆಟ್ಟಿದೆ ಎಂದರು ಡಾಕ್ಟರು. "ಮೂರು ದಿನದಿಂದ ಏನ್ ಮಾಡ್ತಿದ್ರಿ? ಯಾಕ ಕರ್ಕೊಂಡು ಬರ್ಲಿಲ್ಲ?" ಎಂದು ಕೇಳಿದರು. ನಗುತ್ತಿದ್ದೆವು ಎಂದು ಯಾವ ಬಾಯಲ್ಲಿ ಹೇಳಲಿ?

ರೋಗ ನೀವು ತಂದಿರಿ ಎನ್ನುವಷ್ಟು ದಡ್ಡಿ ನಾನಲ್ಲ. ತಪ್ಪು ನನ್ನ ನಾಲಿಗೆಯದು. ಆದರೂ ಸಿಗರೇಟು ಕಂಡ ಕೂಡಲೇ ಕೆಳಗೆ ಎಚ್ಚರಿಕೆ ಬರೆಯುವ ನಿಮಗೆ, "ತುಟಿಯ ನೀಲಿ ತೊಳೆದರೂ ಹೋಗದಿದ್ದರೆ ಆಸ್ಪತ್ರೆಗೆ ಹೋಗಿ" ಎಂದು ಒಂದು ಸಾಲು ಹಾಕಲು ಏನು ಕಷ್ಟ? ಬೇರೆ ಬಣ್ಣ ಬಳಿಯಿರಿ ಎನ್ನೋಣವೆಂದರೆ ಹಳದಿಗೆ ಕಾಮಾಲೆ ಇದೆ. ನಾನೀಗ ದಿನಕ್ಕೆ ಹತ್ತು ಸಲ ಕೈ ತೊಳೆದು ಉಗುರು ನೋಡಿಕೊಳ್ಳುತ್ತೇನೆ. ಯೂನಿಟ್ಟಿನಲ್ಲಿ ಯಾರು ಕೆಮ್ಮಿದರೂ ಮಿಷನ್ ನಿಲ್ಲಿಸಿ ಅವರ ತುಟಿ ನೋಡುತ್ತೇನೆ.

ಸೋಮವಾರ ಓಬಕ್ಕನಿಗೆ ಆಪರೇಷನ್. ಭಾನುವಾರ ಅದೇ ಚಿತ್ರ ಮತ್ತೆ ಎಂದು ನೀವು ಜಾಹೀರಾತು ಹಾಕುತ್ತಿದ್ದೀರಿ. ವಾರ್ಡಿನ ಟಿವಿ ಅವಳ ಮಂಚದ ಎದುರಿಗೇ ಇದೆ. ರಿಮೋಟು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ನಿನ್ನೆ ಅವಳು ನನ್ನ ಕೈ ಹಿಡಿದು ಕೇಳಿದಳು: "ಆಶಾ, ಅದ್ರಾಗ ನೌಕೆ ಹತ್ತಿದೋರು ಒಬ್ರಾದ್ರೂ ವಾಪಸ್ ಬರ್ತಾರೇನ?"

ಊಟ ಮುಗಿದ ಬೆಲ್ಲು ಹೊಡೆದೊಡನೆ ಮೇಸ್ತ್ರಿ ಟಿವಿ ಆರಿಸುವುದರಿಂದ ನಾಲ್ಕು ಸಲವೂ ನಾವು ಕೊನೆ ನೋಡಿಲ್ಲ. "ಬರ್ತಾರಕ್ಕ" ಎಂದುಬಿಟ್ಟಿದ್ದೇನೆ.

ಶನಿವಾರದೊಳಗೆ ನನಗೆ ತಿಳಿಸಿ, ಬರುತ್ತಾರೆಯೇ? ಬಂದರೆ, ಕೊನೆಯವರೆಗೂ ಒಂದು ಜಾಹೀರಾತೂ ಇಲ್ಲದೆ ಹಾಕಿ. ಬಾರದಿದ್ದರೆ ಆ ಭಾನುವಾರ ಇನ್ನಾವ ಕೆಟ್ಟ ಚಿತ್ರವಾದರೂ ಹಾಕಿ, ಇದೊಂದನ್ನು ಬಿಟ್ಟು.

ಇಂತಿ,
ಮೊದಲು ನಕ್ಕವಳು,
ಆಶಾರಾಣಿ, ರಾಯದುರ್ಗ