ಅರಸನಿಗೆ ಪಕ್ಕದ ಕೋಣೆ ಬೇಕಾಯಿತು

ಜಪಾನಿನ ಮಿನಾಟೋದ ಸಂಶೋಧನಾ ಸಂಸ್ಥೆಯ ಒಂಬತ್ತನೇ ಮಹಡಿಯಲ್ಲಿ ವಿರಾಜಮಾನರಾಗಿರುವ ಮಾನ್ಯ ನಿರ್ದೇಶಕರೇ,

ನಾನು ಊರಲ್ಲಿ ಇಲ್ಲದಾಗ, ನಾನು ಕೊಡದ ಒಪ್ಪಿಗೆಯ ಕೆಳಗೆ ನನ್ನ ಮುದ್ರೆ ಒತ್ತಿಸಿ, ನನ್ನ ಗುರುಗಳು ನಲವತ್ತು ವರ್ಷ ಕೂಡಿಸಿಟ್ಟ ಎರಡು ಸಾವಿರದ ನೂರ ನಲವತ್ತು ಪ್ಲಾಸ್ಟರ್ ಅಚ್ಚುಗಳನ್ನು ನೀವು ಕಸಕ್ಕೆ ಹಾಕಿಸಿದಿರಿ. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಹನ್ನೊಂದು ವರ್ಷ ಈ ದೇಶದಲ್ಲಿದ್ದು ಅದನ್ನು ಕಲಿಯಲು ಪ್ರಯತ್ನಿಸಿದೆ, ಸೋತೆ. ಈ ಪತ್ರವನ್ನು ಮೊದಲು ಜಪಾನಿ ಭಾಷೆಯಲ್ಲೇ ಬರೆಯಲು ಕೂತಿದ್ದೆ. ಮೂರು ಸಲ ಬರೆದೆ, ಮೂರು ಸಲವೂ ನಾನೇ ನಿಮ್ಮಲ್ಲಿ ಕ್ಷಮೆ ಕೇಳಿದ ಹಾಗೆ ಬಂತು! ಅದಕ್ಕೇ ಕನ್ನಡದಲ್ಲಿ, ಪತ್ರಿಕೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಅನುವಾದದ ಏರ್ಪಾಡು ನೀವೇ ಮಾಡಿಕೊಳ್ಳಿ. ಹೇಗೂ ಈಗ ತಮ್ಮ ಪಕ್ಕದಲ್ಲೇ ಒಂದು ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿ ಇದೆಯಲ್ಲ, ನನ್ನ ಕೋಣೆಯಲ್ಲಿ.

ಓದುಗರಿಗೆ ಒಂದು ಮಾತು. ನಾನು ಕೆಲಸ ಮಾಡುವುದು ಇಸ್ರಾಯೇಲಿನ ಅರಸ ಅಹಾಬನ ಆಳ್ವಿಕೆಯ ಮೇಲೆ. ಸುಮಾರು ಎರಡು ಸಾವಿರದ ಒಂಬೈನೂರು ವರ್ಷ ಹಿಂದಿನವನು. ಆಡಳಿತಗಾರನಾಗಿ ದಡ್ಡನೇನಲ್ಲ. ಊರುಗಳನ್ನು ಕಟ್ಟಿಸಿದ, ರಥಗಳ ದೊಡ್ಡ ದಂಡು ಇಟ್ಟಿದ್ದ, ದಂತದಲ್ಲಿ ಮನೆ ಅಲಂಕರಿಸಿಕೊಂಡಿದ್ದ, ನೆರೆರಾಜ್ಯದ ರಾಜಕುಮಾರಿ ಈಜೆಬೆಲಳನ್ನು ಮದುವೆಯಾಗಿ ವ್ಯಾಪಾರದ ದಾರಿ ತೆರೆದ. ಆದರೆ ಬರ ಬಿದ್ದು ದೇಶ ಒಣಗಿದಾಗ ಈ ಮಹಾರಾಯ ಹುಲ್ಲು ಹುಡುಕಿಕೊಂಡು ಹೊರಟ. ಜನರಿಗಲ್ಲ, ತನ್ನ ಕುದುರೆಗಳಿಗೆ. ಅವನ ಆಡಳಿತ ಎಂಥದ್ದು ಅಂತ ನನ್ನ ವಿದ್ಯಾರ್ಥಿಗಳು ಕೇಳಿದರೆ ನಾನು ಇದೊಂದನ್ನೇ ಹೇಳುತ್ತೇನೆ.

ಅವನ ಅರಮನೆಯ ಪಕ್ಕದಲ್ಲಿ ನಾಬೋತ ಎಂಬವನ ದ್ರಾಕ್ಷಿತೋಟವಿತ್ತು. ಅರಸನಿಗೆ ಅಲ್ಲಿ ಕಾಯಿಪಲ್ಯ ಬೆಳೆಯುವ ಆಸೆ. ಬೇರೆ ಒಳ್ಳೆಯ ತೋಟ ಕೊಡುತ್ತೇನೆ ಅಂದ. ಹಿರಿಯರದ್ದು, ಕೊಡುವುದಿಲ್ಲ ಅಂದ ನಾಬೋತ. ಅರಸ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ ಊಟ ಬಿಟ್ಟ. ಆಗ ರಾಣಿ ಅರಸನ ಹೆಸರಿನಲ್ಲಿ ಕಾಗದ ಬರೆದು, ಅರಸನ ಮುದ್ರೆ ಒತ್ತಿ, ಇಬ್ಬರು ಸುಳ್ಳುಸಾಕ್ಷಿಗಳನ್ನು ಹುಟ್ಟಿಸಿ, ನಾಬೋತನನ್ನು ಕಲ್ಲು ಹೊಡೆಸಿ ಕೊಲ್ಲಿಸಿದಳು. ತೋಟ ಅರಸನದಾಯಿತು.

ಈಗ ನಿಮ್ಮ ಕಥೆಗೆ ಬರೋಣವೇ?

ನಿಮ್ಮ ಕೋಣೆಯ ಪಕ್ಕದಲ್ಲಿ ನನ್ನ ಗುರು ಮೊರಿಶಿತಾ ಅವರು ಕಟ್ಟಿದ ಪುಟ್ಟ ಅಧ್ಯಯನ ಕೊಠಡಿ ಇತ್ತು. ಅಹಾಬನ ಕಾಲದ ಮತ್ತು ಆಮೇಲಿನ ಅಧಿಕಾರಿಗಳ ಮುದ್ರೆಗಳ ಅಚ್ಚುಗಳು ಅಲ್ಲಿದ್ದವು. ಅವರು ದೇಶ ದೇಶ ಸುತ್ತಿ, ವಸ್ತುಸಂಗ್ರಹಾಲಯಗಳ ಬಾಗಿಲು ಕಾದು, ತಮ್ಮ ಕೈಯಿಂದಲೇ ತೆಗೆದವು. ಕೆಲವುಗಳ ಮೂಲ ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ, ಯುದ್ಧದಲ್ಲಿ ಕಳುವಾಗಿ ಹೋಗಿವೆ. ತೀರಿಕೊಳ್ಳುವ ಮೊದಲು ಗುರುಗಳು ಬೀಗದ ಕೈಯನ್ನು ನನಗೆ ಕೊಟ್ಟರು, ತಮ್ಮ ಹೆಂಡತಿಯ ಎದುರಿಗೆ.

ಮೇ ತಿಂಗಳಲ್ಲಿ ನೀವು ನಗುನಗುತ್ತಾ, ನನ್ನ ಹೆಸರಿಗೆ ಗೌರವದ 'ಸಾನ್' ಸೇರಿಸಿ ಕರೆಯುತ್ತಾ ಬಂದಿರಿ. "ಕೃಪಾ ಸಾನ್, ಹಳೆ ಕಟ್ಟಡದ ನೆಲಮಾಳಿಗೆಯಲ್ಲಿ ಇದಕ್ಕಿಂತ ದೊಡ್ಡ ಕೋಣೆ ಇದೆ" ಅಂದಿರಿ. ನೆಲಮಾಳಿಗೆಯಲ್ಲಿ ತೇವ, ಪ್ಲಾಸ್ಟರ್ ಉಳಿಯುವುದಿಲ್ಲ, ಕ್ಷಮಿಸಿ, ಕೊಡುವುದಿಲ್ಲ ಅಂದೆ. ಆಮೇಲೆ ಎರಡು ತಿಂಗಳು ಲಿಫ್ಟಿನಲ್ಲಿ ಸಿಕ್ಕಿದರೂ ನೀವು ಗುಂಡಿಗಳ ಕಡೆಗೇ ನೋಡುತ್ತಿದ್ದಿರಿ. ಅಬ್ಬಾ, ಆ ಮುನಿಸು! ಮಂಚ ಒಂದು ಇರಲಿಲ್ಲ ಅಷ್ಟೇ.

ಸೆಪ್ಟೆಂಬರ್ ಹನ್ನೆರಡಕ್ಕೆ ನಾನು ಅಮ್ಮನ ಕಣ್ಣಿನ ಆಪರೇಷನ್‌ಗೆಂದು ಮೈಸೂರಿಗೆ ಹೋದೆ. ಮೂವತ್ತಕ್ಕೆ ವಾಪಸು ಬಂದು ಬೀಗ ತೆಗೆಯಲು ನೋಡಿದರೆ ಬೀಗವೇ ಬೇರೆ. ಗಾಜಿನ ಬಾಗಿಲು, ಒಳಗೆ ಹೊಸ ಮೇಜು, ಮೇಜಿನ ಮೇಲೆ ಆರ್ಕಿಡ್ ಹೂವು. ಕಪಾಟುಗಳೇ ಇಲ್ಲ. ಕಚೇರಿಯಲ್ಲಿ ಕೇಳಿದೆ. ಉರಿಯದ ಕಸವನ್ನು ಬೇರೆಯಾಗಿ ಒಯ್ಯುವ ಗಾಡಿ ಬರುವ ದಿನ ಎಲ್ಲವನ್ನೂ ಕೊಟ್ಟೆವು, ಚೀಲಗಳ ಮೇಲೆ ಸರಿಯಾಗಿ ಬರೆದೂ ಇದ್ದೆವು ಅಂದರು. ವಿಂಗಡಣೆಯಲ್ಲಿ ಒಂದು ತಪ್ಪಿಲ್ಲ ನೋಡಿ!

ಆಮೇಲೆ ನನ್ನ ಮುಂದೆ ಒಂದು ಕಾಗದ ಇಟ್ಟರು. ಕೊಠಡಿಯನ್ನೂ ಅಚ್ಚುಗಳನ್ನೂ ತ್ಯಜಿಸಲು ನನ್ನ ಸಂಪೂರ್ಣ ಸಮ್ಮತಿ ಇದೆಯಂತೆ. ದಿನಾಂಕ ಸೆಪ್ಟೆಂಬರ್ ಹತ್ತೊಂಬತ್ತು. ಕೆಳಗೆ ಕೆಂಪು ಶಾಯಿಯಲ್ಲಿ ದುಂಡಗೆ ನನ್ನ ಹೆಸರು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ಈ ದೇಶದಲ್ಲಿ ಸಹಿಗಿಂತ ಹೆಸರಿನ ಪುಟ್ಟ ಮುದ್ರೆಗೆ ಹೆಚ್ಚು ಬೆಲೆ. ಹೊರಗೆಲ್ಲ ಅದು ಕಡಿಮೆಯಾಗುತ್ತಾ ಬಂದರೂ ನಮ್ಮ ಸಂಸ್ಥೆ ಬಿಟ್ಟಿಲ್ಲ. ರಜೆಯ ಅರ್ಜಿ, ಕಾಗದ ಪೆನ್ನಿನ ಬೇಡಿಕೆ, ಎಲ್ಲಕ್ಕೂ ಮುದ್ರೆ. ಪ್ರತಿ ಸಲ ಏಳು ಮಹಡಿ ಇಳಿದು ಒತ್ತಲು ಬೇಸರವಾಗಿ ನನ್ನ ಮುದ್ರೆಯನ್ನು ಕಚೇರಿಯ ಡ್ರಾಯರಿನಲ್ಲೇ ಇಟ್ಟಿದ್ದೆ, ಇತರರ ಹಾಗೆ. ಹೆಬ್ಬೆರಳಿನಷ್ಟು ಕಡ್ಡಿ, ಅದರಿಂದೇನಾದೀತು ಅಂದುಕೊಂಡಿದ್ದೆ. ಮೂರು ಸಾವಿರ ವರ್ಷ ಹಳೆಯ ಮುದ್ರೆಗಳನ್ನು ಭೂತಗನ್ನಡಿ ಹಿಡಿದು ಓದುವವಳು ನಾನು! ಪೆದ್ದಿ ಅಂದರೆ ಹೀಗಿರಬೇಕು.

ಒತ್ತಿದವರು ಕಚೇರಿಯ ಗುಮಾಸ್ತೆ. ಪಾಪ, ನನ್ನ ಮುಂದೆ ಅತ್ತರು. "ಕೃಪಾ ಸಾನ್ ಇಂಡಿಯಾದಿಂದ ಫೋನ್ ಮಾಡಿ ಒಪ್ಪಿದ್ದಾರೆ, ಹಾಕಿಬಿಡಿ ಅಂತ ನಿರ್ದೇಶಕರೇ ಹೇಳಿದರು" ಅಂದರು. ಆ ಫೋನ್ ಕೇಳಿಸಿಕೊಂಡೆವು ಅಂತ ಸಭೆಯ ನಡಾವಳಿಯಲ್ಲಿ ಇಬ್ಬರು ಸಹಾಯಕ ಪ್ರಾಧ್ಯಾಪಕರ ಸಾಕ್ಷಿ ಬೇರೆ! ಅವರ ಹೆಸರು ಬರೆಯುವುದಿಲ್ಲ. ಅವರಿಬ್ಬರದೂ ವರ್ಷ ವರ್ಷ ಮುಂದುವರಿಸಬೇಕಾದ ಕೆಲಸ, ನಿಮ್ಮ ಕೈಯಲ್ಲಿದೆ. ನನ್ನ ಸಿಟ್ಟೆಲ್ಲ ನಿಮಗೇ ಮೀಸಲು. ಒಂದು ವಿಷಯದಲ್ಲಿ ಮಾತ್ರ ನೀವು ಅಹಾಬನನ್ನು ಮೀರಿಸಿದಿರಿ. ಅವನಿಗೆ ಹೆಂಡತಿಯ ನೆರವು ಬೇಕಾಯಿತು.

ಆಂತರಿಕ ದೂರು ಸಮಿತಿಗೆ ನಾನು ಪಾಸ್‌ಪೋರ್ಟಿನ ಪ್ರತಿ, ನನ್ನ ಫೋನಿನ ಕರೆಗಳ ಪಟ್ಟಿ ಎರಡನ್ನೂ ಕೊಟ್ಟೆ. "ಸಂಸ್ಥೆಯ ವತಿಯಿಂದ ಅಂದಿನ ಪರಿಸ್ಥಿತಿಯಲ್ಲಿ ಸೂಕ್ತವೆಂದು ಭಾವಿಸಲಾದ ಕ್ರಮ ಕೈಗೊಳ್ಳಲಾಗಿದೆ" ಎಂಬ ಉತ್ತರ ಬಂತು. ಯಾರು ಭಾವಿಸಿದರು? ಯಾರು ಕೈಗೊಂಡರು? ಅಹಾಬನೂ ಕಡೆಯ ಯುದ್ಧಕ್ಕೆ ಅರಸನ ಉಡುಪು ಬಿಚ್ಚಿಟ್ಟು, ಯಾರಿಗೂ ಗುರುತು ಸಿಗದ ಹಾಗೆ ಹೋದ. ಯಾರೋ ಸುಮ್ಮನೆ ಬಿಟ್ಟ ಬಾಣ ಕವಚದ ಸಂದಿನಲ್ಲಿ ಹೊಕ್ಕು ಅವನನ್ನು ಕೊಂದಿತು. ನಾನು ಸುಮ್ಮನೆ ಬಿಡುತ್ತಿಲ್ಲ ಮಹಾಶಯರೇ, ಗುರಿ ಇಟ್ಟೇ ಬಿಡುತ್ತಿದ್ದೇನೆ.

ನನ್ನ ಗಂಡ ಅನೂಪ್ ಸಮಾಧಾನಿ. "ಬಿಡೇ ಕೃಪಾ, ಮಾರ್ಚಲ್ಲಿ ನಿನ್ ಕಾಂಟ್ರಾಕ್ಟ್ ರಿನ್ಯೂ ಆಗ್ಬೇಕು. ಆ ಮನುಷ್ಯನ್ ಜೊತೆ ಈಗ ಯಾಕ್ ಫೈಟು? ಹೋಗಿದ್ದು ವಾಪಸ್ ಬರುತ್ತಾ?" ಅಂದ.

"ಬರಲ್ಲ. ಅದಕ್ಕೇ ಬಿಡಲ್ಲ" ಅಂದೆ.

ಅಚ್ಚುಗಳು ಹೋದವು. ಹೊಟ್ಟೆ ಉರಿಯುತ್ತದೆ, ಆದರೆ ಹೇಗೋ ತಡೆದುಕೊಂಡೇನು. ತಡೆಯಲಾಗದ್ದು ಬೇರೆ. ನೀವು ಆ ಕಾಗದದ ಒಂದು ಪ್ರತಿಯನ್ನು ಗುರುಗಳ ಪತ್ನಿಗೆ ಕಳಿಸಿದಿರಿ, ಮಾಹಿತಿಗಾಗಿ ಅಂತ ಬರೆದು. ಎಂಬತ್ತೊಂಬತ್ತು ವರ್ಷದ ಆ ಹೆಂಗಸು ಇಚಿಕಾವಾದಲ್ಲಿ ಒಬ್ಬರೇ ಇದ್ದಾರೆ. ಅರ್ಧ ಅಚ್ಚುಗಳಿಗೆ ಪ್ಲಾಸ್ಟರ್ ಕಲಸಿಕೊಟ್ಟವರು ಅವರೇ. ನಾನು ಓಡಿಹೋದೆ. ಎದುರಿಗೆ ಬಾರ್ಲಿ ಚಹಾ ಇಟ್ಟರು. ಕಾಗದವನ್ನು ಮಡಿಚಿ ಗುರುಗಳ ಫೋಟೋದ ಮುಂದೆ ಇಟ್ಟಿದ್ದರು. ನಾನು ಒಪ್ಪಿರಲಿಲ್ಲ ಅಮ್ಮಾ, ನಾನು ಊರಲ್ಲೇ ಇರಲಿಲ್ಲ ಅಂತ ಅಳುತ್ತಾ ಹೇಳಿದೆ. ಅವರು ನಗುತ್ತಾ ತಲೆಯಾಡಿಸಿದರು. "ನಿಮಗೂ ಏನೋ ಕಷ್ಟ ಇದ್ದಿರಬೇಕು, ಕೃಪಾ ಸಾನ್. ಇಷ್ಟು ದಿನ ನೋಡಿಕೊಂಡಿರಲ್ಲ, ಅದೇ ದೊಡ್ಡದು" ಅಂದು ನನಗೇ ಬಾಗಿ ನಮಸ್ಕರಿಸಿದರು. ಬೈದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವರ ಕಣ್ಣಿನಲ್ಲಿ ನಾನು ಗುರುವಿನ ಬದುಕನ್ನು ಕಸದ ಗಾಡಿಗೆ ಕೊಟ್ಟವಳು. ಮುದ್ರೆ ಇದೆಯಲ್ಲ! ನನ್ನ ಬಾಯಿಮಾತಿಗೆ ಅದರ ಮುಂದೆ ಏನು ಬೆಲೆ?

ಹಾಗಾಗಿ ಕೇಳುತ್ತಿದ್ದೇನೆ. ಕೋಣೆ ಇಟ್ಟುಕೊಳ್ಳಿ, ಆರ್ಕಿಡ್ಡಿಗೆ ನೀರು ಹಾಕಿಕೊಳ್ಳಿ, ಮಾರ್ಚಿನಲ್ಲಿ ನನ್ನನ್ನು ತೆಗೆದೂ ಹಾಕಿ. ದೂರನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ, ಆ ಕುರ್ಚಿಯಿಂದ ನೀವು ಇಳಿಯುವುದನ್ನು ನೋಡದೆ ನನಗೆ ನಿದ್ದೆಯೂ ಬರುವುದಿಲ್ಲ. ನನ್ನ ಮುಂದೆ ಬಾಗಿ ಕ್ಷಮೆ ಕೇಳುವ ಯೋಚನೆ ಮಾತ್ರ ಬೇಡ. ನಾಬೋತನನ್ನು ಕೊಲ್ಲಿಸಿದ್ದಕ್ಕೆ ಪ್ರವಾದಿಯೊಬ್ಬ ಹಾಕಿದ ಶಾಪದ ಮಾತು ಕಿವಿಗೆ ಬಿದ್ದ ಮೇಲೆ ಅಹಾಬ ಗೋಣಿತಟ್ಟು ಉಟ್ಟು ಉಪವಾಸ ಕೂತ, ದೇವರು ಅವನ ಶಿಕ್ಷೆಯನ್ನು ಮುಂದಕ್ಕೆ ಹಾಕಿದ. ಅದು ದೇವರ ದೊಡ್ಡತನ. ನನ್ನದು ಅಷ್ಟು ದೊಡ್ಡ ಮನಸ್ಸಲ್ಲ.

ಬರುವ ಭಾನುವಾರದೊಳಗೆ ಇಚಿಕಾವಾಕ್ಕೆ ಹೋಗಿ. ಕಾರು ಬೇಡ, ಕಾರ್ಯದರ್ಶಿ ಬೇಡ, ಕ್ಷಮಾಪಣೆಗೆಂದು ಒಯ್ಯುವ ಸಿಹಿತಿಂಡಿಯ ಡಬ್ಬಿಯೂ ಬೇಡ. ಆ ತಾಯಿಯ ಎದುರು ನೆಲದ ಮೇಲೆ ಕೂತು, "ಕೃಪಾ ಒಪ್ಪಿರಲಿಲ್ಲ, ಮುದ್ರೆ ಒತ್ತಿಸಿದವನು ನಾನು" ಅಂತ ಹೇಳಿ. ಅವರಿಗೆ ಎಡಗಿವಿ ಕೇಳಿಸುವುದಿಲ್ಲ, ಬಲಕ್ಕೆ ಕೂತುಕೊಳ್ಳಿ. ಕೇಳಿಸದಿದ್ದರೆ ಇನ್ನೂ ಜೋರಾಗಿ ಹೇಳಿ. ತೆಳು ಗೋಡೆ, ಅಕ್ಕಪಕ್ಕದ ಮನೆಯವರಿಗೂ ಕೇಳಿಸಲಿ. ಅವರು ಆ ಕಾಗದವನ್ನು ಫೋಟೋದ ಮುಂದಿನಿಂದ ತೆಗೆದು ನಿಮ್ಮ ಕೈಗೆ ಕೊಡುವವರೆಗೂ ಹೇಳುತ್ತಲೇ ಇರಿ.

ಇಂತಿ,
ಕ್ಷಮಿಸುವುದನ್ನು ಈ ಜನ್ಮದಲ್ಲಿ ಕಲಿಯುವ ಲಕ್ಷಣ ಕಾಣದ,
ಕೃಪಾ
ಫುನಾಬೊರಿಯಿಂದ