ಅಂಗಳಕ್ಕೆ ತಾಕದ ಜೋಡಿ

ನವೆಂಬರ್ 16, ಭಾನುವಾರ. ಸಂಜೆ ಆರು.

ಇದೊಂದನ್ನು ಬರೆಯದೆ ಬಿಡುವುದರಲ್ಲಿದ್ದೆ. ಮಿಕ್ಕದ್ದೆಲ್ಲ ಕ್ಲಬ್ಬಿನ ನೋಟ್‌ಬುಕ್ಕಿಗೆ ಇಂಗ್ಲಿಷಿನಲ್ಲಿ ಬರೆದಾಗಿತ್ತು — ಮೂರು ರಮ್ಮು, ಮೂರು ಸಿಗಾರು, ಯಾವುದಕ್ಕೆ ಯಾವುದು ಜೋಡಿ. ಪೆನ್ನಿಗೆ ಮುಚ್ಚಳ ಹಾಕಿಯೂ ಆಗಿತ್ತು. ಮತ್ತೆ ತೆಗೆದೆ.

ರುಚಿ ನೋಡಿ ಹೇಳಿದ ಗಾದೆಮ್ಮನ ಅಂಗುಳದಲ್ಲಿ ಬಿಳಿ ಕಲೆಯಿದೆ. ಹೆಬ್ಬೆರಳ ಉಗುರಿನಷ್ಟು. ನಡುವೆ ಕೆಂಪು. ಅವಳೇ ಬಾಯಿ ತೆರೆದಳು, ಬೇರೇನನ್ನೋ ತೋರಿಸಲು. ಬಾಗಿಲ ಬಿಸಿಲು ನೇರ ಒಳಗೆ ಬಿದ್ದಿತ್ತು.

ಅಪ್ಪನ ಕೆನ್ನೆಯೊಳಗೆ ಇದ್ದದ್ದೂ ಇಂಥದ್ದೇ. ಕಡೆಗೆ ಅದೇ ಅವರನ್ನು ತೆಗೆದುಕೊಂಡು ಹೋಯಿತು. ಹಾಗಾಗಿ, ಗೊತ್ತಾಗಲಿಲ್ಲ ಎನ್ನುವ ಹಾಗಿಲ್ಲ.

ಏನೂ ಹೇಳಲಿಲ್ಲ. ಅತಿಥಿಗಳಿಗೆ ರಮ್ಮು, ಸಿಗಾರು ಸವಿಸುವ ಕ್ಲಬ್ಬಿನ ಕಾರ್ಯಕ್ರಮಕ್ಕೆ ಇನ್ನು ಹದಿಮೂರೇ ದಿನ. ಮುಗಿಯಲಿ, ಆಮೇಲೆ.

ನವೆಂಬರ್ 17, ಸೋಮವಾರ. ಕ್ಲಬ್, ಊಟದ ಬಿಡುವು.

ನೋಟ್‌ಬುಕ್ಕಿಗೆ ಹೋದದ್ದು ನನ್ನ ಇಂಗ್ಲಿಷ್. ಅವಳ ಮಾತು ಇಲ್ಲಿರಲಿ.

ಹಳೆಯ ರಮ್ಮಿಗೆ ತಕ್ಕ ಸಿಗಾರು ಆರಿಸಿ, ಅತಿಥಿಗಳ ಮೇಜಿನ ಮೇಲಿಡುವ ಕಾರ್ಡು ಬರೆಯುವುದು ನನ್ನ ಕೆಲಸ. ಅಕ್ಟೋಬರಿನಲ್ಲಿ ಸೆಕ್ರೆಟರಿ ಯರ್ರಿಸ್ವಾಮಿ ಕೇಳಿದ್ದರು, "ರಮ್ಮು, ಸಿಗಾರು ಇವೆಲ್ಲ ಗೊತ್ತದಾವೇನ್ರಿ ಶ್ರೀಪ್ರಿಯಾ ಮೇಡಂ? ಇದೊಂದು ಚಲೋ ಮಾಡಿ ತೋರಿಸ್ರಿ, ಮ್ಯಾನೇಜರ್ ಕುರ್ಚಿ ನಿಮ್ದ." ಗೊತ್ತು ಅಂದೆ. ಸತ್ಯನಾರಾಯಣಪೇಟೆಯ ಮನೆ, ಏಕಾದಶಿ, ಮಡಿ — ಬೆಳ್ಳುಳ್ಳಿಯನ್ನೂ ಮುಟ್ಟದವಳು. ಆದರೆ ಒಂಬತ್ತು ವರ್ಷದಿಂದ ಫ್ರಂಟ್ ಆಫೀಸಿನ ಸ್ಟೂಲಿನ ಮೇಲೆ ಕೂತಿದ್ದೇನೆ. ಅದಕ್ಕೇ ಗೊತ್ತು ಅಂದೆ.

ದಾರಿ ತೋರಿಸಿದವಳು ಹೌಸ್‌ಕೀಪಿಂಗಿನ ನೀಲಾವತಿ. "ನಮ್ಮವ್ವ ಕುರುಗೋಡಾಗ ಮೂವತ್ತು ವರ್ಷ ಚುಟ್ಟಾ ಸುತ್ತಿದಾಕಿ ಮೇಡಂ. ತಂಬಾಕಿನ ಎಲಿ ಮೂಸಿದ್ರ ಎಷ್ಟು ದಿನದ್ದು ಅಂತ ಹೇಳ್ತಾಳ. ಕುಡಿಯಾಕೂ ನಾಚಂಗಿಲ್ಲ."

ಆ ಅವ್ವನೇ ಗಾದೆಮ್ಮ. ಒಂದು ದಮ್ಮು ಎಳೆಯುತ್ತಾಳೆ. ಹೊಗೆ ಬಾಯಲ್ಲಿರುವಾಗಲೇ ಒಂದು ಗುಟುಕು. ಕಣ್ಣು ಮುಚ್ಚುತ್ತಾಳೆ. ಆಮೇಲೆ ತೀರ್ಪು.

ಐದು ವರ್ಷದ ರಮ್ಮು, ತಿಳಿ ಬಣ್ಣದ ಸಿಗಾರು: "ಇವ್ರು ಬೀಗರು ಅಮ್ಮಾರ. ಬರ್ರಿ, ಕುಂದರ್ರಿ ಅಂತಾರ. ಉಂಡು ಹೋಗ್ರಿ ಅನ್ನಂಗಿಲ್ಲ."

ಎಂಟು ವರ್ಷದ್ದು, ಕಂದು ಸಿಗಾರು: "ಇವು ಗಂಡ ಹೆಂಡ್ತಿ. ದಿನಾ ಜಗಳ. ಬಿಡಿಸಾಕ ಹೋದ್ರ ನಮಗ ಬೈತಾವು."

ಹನ್ನೆರಡು ವರ್ಷದ್ದು, ಕಪ್ಪು ಸಿಗಾರು. ಎಲ್ಲಕ್ಕಿಂತ ಖಾರದ್ದು. ಇನ್ನೊಂದು ಗುಟುಕು. "ಇದು ಅಂಗಳಕ್ಕ ತಾಕಂಗೇ ಇಲ್ಲ."

ಬಾಗಿಲಾಚೆ ಅಂಗಳ ನೋಡಿದೆ. ಕೋಳಿ ಕೆದರುತ್ತಿತ್ತು.

"ಅಯ್ಯ, ಆ ಅಂಗಳ ಅಲ್ಲ! ಬಾಯಿ ಅಂಗಳ. ಇಂಗ್ಲಿಷ್ ಸಾಲ್ಯಾಗ ಬಾಯಿ ಕಲಿಸಲಿಲ್ಲೇನು ನಿಮಗ?" ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಬೆರಳಿಟ್ಟು ತೋರಿಸಿದಳು. ಆಗಲೇ ಕಂಡದ್ದು.

ಕಾರ್ಡಿಗೆ ಇಂಗ್ಲಿಷಿನಲ್ಲಿ ಹೀಗೆ ಬರೆದೆ: ಎಷ್ಟು ನಯವೆಂದರೆ, ಅಂಗುಳಕ್ಕೆ ತಾಕುವುದೇ ಇಲ್ಲ.

ನವೆಂಬರ್ 27, ಗುರುವಾರ.

ಕಾರ್ಯಕ್ರಮ ಡಿಸೆಂಬರ್ 20ಕ್ಕೆ ಮುಂದೆ ಹೋಯಿತು. ಕ್ಲಬ್ ಕಮಿಟಿಯ ಎಲೆಕ್ಷನ್ ಅಂತೆ.

ಮೊದಲು ಅನಿಸಿದ್ದು — ಇನ್ನೂ ಮೂರು ಭಾನುವಾರ ಸಿಕ್ಕವು. ಆ ಕಲೆ ನೆನಪಾದದ್ದು ಎರಡನೆಯದಾಗಿ. ಈ ಕ್ರಮ ಬದಲಿಸಿ ಬರೆಯಬಹುದಿತ್ತು. ಬದಲಿಸುವುದಿಲ್ಲ.

ಹೇಳಿದರೆ ಗಾದೆಮ್ಮ ಚುಟ್ಟಾ ಬಿಡಬೇಕು, ರಮ್ಮು ಬಿಡಬೇಕು. ನೀಲಾವತಿ ಒಂದು ಗುಟುಕಿಗೂ ಬಿಡುವುದಿಲ್ಲ. ಎರಡನೆಯ ಜೋಡಿ, ಆ ಜಗಳದ ಗಂಡ ಹೆಂಡತಿ, ಇನ್ನೂ ನಿಕ್ಕಿಯಾಗಿಲ್ಲ...

ಡಿಸೆಂಬರ್ 7, ಭಾನುವಾರ.

ಕುರುಗೋಡು, ಮೂರನೆಯ ಸಲ. ಕ್ಲಬ್ಬಿನ ಸಿಗಾರು ಮುಗಿದ ಮೇಲೆ ಗಾದೆಮ್ಮ ತನ್ನ ಚುಟ್ಟಾ ಹಚ್ಚಿದಳು. ಹಚ್ಚಿ, ತಿರುಗಿಸಿ, ಉರಿಯುವ ತುದಿಯನ್ನೇ ಬಾಯೊಳಗೆ ಇಟ್ಟುಕೊಂಡಳು.

"ಬಾಯಿ ಸುಡಂಗಿಲ್ಲೇನು?"

"ನಾಟಿ ಹಚ್ಚೋವಾಗ ಎರಡೂ ಕೈ ಕೆಸರಾಗ ಇರ್ತಾವು ಅಮ್ಮಾರ. ಬೆಂಕಿ ಹೊರಗಿದ್ರ ಗಾಳಿಗೆ ಆರತೈತಿ. ನಮ್ಮವ್ವ ಹಿಂಗ ಕಲಿಸಿದ್ಲು. ಮದಲು ಸುಡತಿತ್ತು. ಈಗ ಏನೂ ಗೊತ್ತಾಗಂಗಿಲ್ಲ."

ಈಗ ಏನೂ ಗೊತ್ತಾಗುವುದಿಲ್ಲ. ಅಂದರೆ ಮೂರನೆಯ ಜೋಡಿ...

ರಮ್ಮು ನಯವಾಗಿರಲಿಲ್ಲ. ಅವಳ ಅಂಗುಳ ಮರಗಟ್ಟಿತ್ತು. ನಾನು ಅದನ್ನು ರುಚಿಯೆಂದು ಬರೆದುಕೊಂಡೆ.

ಮೂರನೆಯ ಜೋಡಿಯ ಕಾರ್ಡು ಪ್ರಿಂಟಿಗೆ ಹೋಗಿದೆ. ತಡೆಯಬಹುದು, ಒಂದು ಫೋನು ಸಾಕು. ಆದರೆ ಸಾಲು ಚೆನ್ನಾಗಿದೆ.

ಮನೆಗೆ ಬಂದಾಗ ಅನಂತ ಬಾಗಿಲಲ್ಲೇ ನಿಲ್ಲಿಸಿದರು. "ಏನಿದು, ಮೈಯೆಲ್ಲ ಹೊಗಿ ವಾಸನಿ? ಎಲ್ಲಿಗೆ ಹೋಗಿದ್ದಿ?" ಕೇಟರಿಂಗ್ ಕೆಲಸ ಅಂದೆ. ನಂಬಿದರು. ನನ್ನ ಗಂಡ ನನ್ನನ್ನು ನಂಬುತ್ತಾರೆ. ಎಲ್ಲರೂ ನಂಬುತ್ತಾರೆ. ತಲೆಗೂ ನೀರು ಹಾಕಿಕೊಂಡೆ.

ಡಿಸೆಂಬರ್ 14, ಭಾನುವಾರ.

ನಾಲ್ಕನೆಯ ಸಲ. ಎರಡನೆಯ ಜೋಡಿ ನಿಕ್ಕಿಯಾಯಿತು.

ಗಾದೆಮ್ಮ ಎದ್ದು ಹೊರಗೆ ಉಗುಳಿದಳು. ಕೆಂಪು ಎಳೆ. "ಎಲಿ ಅಡಿಕಿ" ಅಂದಳು, ನಾನು ಕೇಳುವ ಮೊದಲೇ. ಅವಳು ಬೆಳಗಿನಿಂದ ಎಲೆ ಅಡಿಕೆ ಹಾಕಿರಲಿಲ್ಲ. ಹೌದಾ, ಅಂದೆ.

ಡಿಸೆಂಬರ್ 18.

ಕಾರ್ಯಕ್ರಮ ಈಗ ಜನವರಿ 10ಕ್ಕೆ ಅಂತೆ. ಹೊಸ ಕಮಿಟಿಯವರು ಗೋವಾಕ್ಕೆ ಹೊರಟಿದ್ದಾರೆ.

ಮುಗಿಯಲಿ.

ಜನವರಿ 11, ಭಾನುವಾರ. ಬೆಳಿಗ್ಗೆ.

ನಿನ್ನೆ ಮುಗಿಯಿತು. ಅತಿಥಿಗಳ ಮೆಚ್ಚುಗೆಯಲ್ಲಿ ಗೆದ್ದದ್ದು ಮೂರನೆಯ ಜೋಡಿ. ಗಣಿ ಮಾಲೀಕರೊಬ್ಬರು ಕಾರ್ಡನ್ನು ಗಟ್ಟಿಯಾಗಿ ಓದಿದರು, ದಮ್ಮು ಎಳೆದರು, ಗುಟುಕು ತೆಗೆದುಕೊಂಡರು, ಕೆಮ್ಮಿದರು. ಕಣ್ಣಲ್ಲಿ ನೀರು. "ಹೌದ್ನೋಡ್ರಿ, ತಾಕಂಗೇ ಇಲ್ಲ!" ಅಂದರು. ಉಳಿದವರೂ ಕೆಮ್ಮುತ್ತಲೇ ಒಪ್ಪಿದರು. ಅಚ್ಚಾದ ಇಂಗ್ಲಿಷಿಗೆ ಎದುರಾಡಿದವರು ಒಬ್ಬರೂ ಇಲ್ಲ.

"ಸರಸ್ವತಿ ಅದಾಳ್ರಿ ನಿಮ್ಮ ನಾಲಿಗ್ಯಾಗ!" ಅಂದರು ಯರ್ರಿಸ್ವಾಮಿ. ನನ್ನ ನಾಲಿಗೆ ಇಂದಿಗೂ ಒಂದು ಹನಿ ರಮ್ಮು ಕಂಡಿಲ್ಲ. ಕುರ್ಚಿ ನನ್ನದಂತೆ.

ನಾಳೆ ಹೇಳುತ್ತೇನೆ.

ಜನವರಿ 20, ಮಂಗಳವಾರ.

ನಾನು ಹೇಳಲಿಲ್ಲ. ನೀಲಾವತಿಯೇ ಬಂದಳು. "ಮೇಡಂ, ಅವ್ವಗ ರೊಟ್ಟಿ ನುಂಗಾಕ ಆಗವಲ್ದು. ನೀರು ಕುಡದ್ರ ಮೂಗಿನಾಗಿಂದ ಬರತೈತಿ."

ಆಗ ಎದ್ದೆ. ಎಷ್ಟು ಚುರುಕಾಗಿ ಎದ್ದೆ! ಅಪಾಯಿಂಟ್‌ಮೆಂಟ್, ಕ್ಲಬ್ಬಿನ ಕಾರು, ಅಪ್ಪನನ್ನು ನೋಡಿದ್ದ ಅದೇ ಡಾಕ್ಟರು.

ಡಾಕ್ಟರು ಟಾರ್ಚ್ ಹಿಡಿದು ನೋಡಿ ಕೇಳಿದರು, "ಯಾವಾಗಿಂದ ಐತಿ ಇದು?"

ಗಾದೆಮ್ಮ ಮಗಳ ಮುಖ ನೋಡಿದಳು. ಮಗಳು ನನ್ನ ಮುಖ.

"ಯಾರಿಗೆ ಗೊತ್ರಿ ಸಾರ್" ಅಂದಳು ಗಾದೆಮ್ಮ. "ನನ್ನ ಬಾಯಿ ಅಂಗಳ ನಾ ಹೆಂಗ ನೋಡ್ಲಿ?"

ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ. ಹೊಸ ವರ್ಷದ್ದು. ಅದರಲ್ಲಿ ನವೆಂಬರ್ ಇನ್ನೂ ಬಂದಿರಲಿಲ್ಲ.

ಫೆಬ್ರವರಿ 3, ಮಂಗಳವಾರ.

ಬಾಗಿಲಿಗೆ ನನ್ನ ಹೆಸರಿನ ಬೋರ್ಡು ಹಾಕಿದರು. ಅದೇ ಹೊತ್ತಿಗೆ ನೀಲಾವತಿಯ ಫೋನು. ರಿಪೋರ್ಟು ಬಂದಿದೆ. ಕ್ಯಾನ್ಸರೇ.

ಇನ್ನೂ ಮೊದಲು ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಬಹುದು. ಕೇಳಿಲ್ಲ. ಉತ್ತರಕ್ಕೆ ಹೆದರಿಕೆಯೋ, ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಅವರು ಅಂದುಬಿಟ್ಟರೆ ನಾನು ಬಿಡುಗಡೆಯಾಗುತ್ತೇನೆ ಎನ್ನುವ ಆಸೆಯೋ. ಎರಡೂ ಇರಬಹುದು.

ಫೆಬ್ರವರಿ 22, ಭಾನುವಾರ. ಸಂಜೆ.

ನೀಲಾವತಿ ಕೆಲಸ ಬಿಟ್ಟು, ಅವ್ವನನ್ನು ಕರೆದುಕೊಂಡು ಗಂಡನ ಊರು ಕೆಂಚನಗುಡ್ಡಕ್ಕೆ ಹೋಗಿದ್ದಾಳೆ. ಸಿರುಗುಪ್ಪದವರೆಗೆ ಬಸ್ಸು, ಅಲ್ಲಿಂದ ಆಟೋ. ಹೇಳಿಬಿಡಬೇಕೆಂದೇ ಹೋದೆ.

ಮಾರ್ಚ್ 2ಕ್ಕೆ ಆಪರೇಷನ್. ಅಂಗುಳ ತೆಗೆದು ಅಲ್ಲಿಗೊಂದು ಪ್ಲೇಟು ಕೂರಿಸುತ್ತಾರೆ. ಗಾದೆಮ್ಮನ ಮಾತು ಈಗಲೇ ಮೂಗಿನಿಂದ ಬರುತ್ತಿದೆ. ಆದರೂ ನಿಂತಿಲ್ಲ.

"ಮನಿ ಅಂಗಳಕ್ಕ ಕಡಪಾ ಕಲ್ಲು ಹಾಸ್ರೋ ಅಂತ ಇಪ್ಪತ್ತು ವರ್ಷ ಬಡಕೊಂಡೆ. ಒಬ್ಬನೂ ಹಾಸಲಿಲ್ಲ. ಈಗ ನೋಡ್ರಿ, ಬಾಯಿ ಅಂಗಳಕ್ಕ ಹಾಸ್ತಾರಂತ!"

ನಗಬೇಕಾಯಿತು. ನಕ್ಕೆ.

"ಆ ಕರೀದು, ಮೂರನೇ ಜೋಡಿ — ಗೆದ್ದಿತೇನು ಅಮ್ಮಾರ?"

ಗೆದ್ದಿತು ಅಂದೆ.

"ಹೇಳಿದ್ದಿಲ್ಲ ನಾ?" ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದಳು. ಹೆಮ್ಮೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಚಹಾ ಕುಡಿದೆ.

ಹೊರಡುವಾಗ ನೀಲಾವತಿ ಒಂದು ಚೀಲ ಹೊಸ ಅಕ್ಕಿ ಕೈಗಿಟ್ಟು ಕಾಲಿಗೆ ಬಿದ್ದಳು. "ನೀವು ನೋಡ್ಲಿಲ್ಲಾಂದ್ರ ಯಾರು ನೋಡ್ತಿದ್ರು ಮೇಡಂ."

ನೋಡಿದ್ದೆ. ಅಷ್ಟೇ ಮಾಡಿದ್ದು.

ಅನಂತ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರು. "ಎಷ್ಟು ಸಣ್ಣಕ್ಕಿ! ನಾಳಿ ನೈವೇದ್ಯಕ್ಕ ಇದನ್ನ ಮಾಡು."

ಫೆಬ್ರವರಿ 24, ಮಂಗಳವಾರ. ಮಧ್ಯಾಹ್ನ ಮೂರು.

ಬಾಯಲ್ಲಿ ಆಗದ್ದು ಕಾಗದದಲ್ಲಿ ಆಗಲಿ. ನೀಲಾವತಿಗೆ ಬರೆದೆ, ನಾಲ್ಕು ಸಲ. ಮೊದಲನೆಯದರಲ್ಲಿ 'ನನಗೆ ಅನುಮಾನವಿತ್ತು' ಎಂದಿತ್ತು. ಹರಿದೆ. ಎರಡನೆಯದರಲ್ಲಿ 'ಕೆಲಸದ ಒತ್ತಡ'. ಮೂರನೆಯದರಲ್ಲಿ ಅಪ್ಪನನ್ನು ಎಳೆದು ತಂದಿದ್ದೆ, ಅವಳು ನನಗಾಗಿ ಅಳಲಿ ಎಂದು. ನಾಲ್ಕನೆಯದರಲ್ಲಿ ಉಳಿದದ್ದು ಇಷ್ಟೇ: ನವೆಂಬರ್ 16ರಂದೇ ನೋಡಿದೆ. ಏನೆಂದು ಗೊತ್ತಿತ್ತು. ನಿಮ್ಮ ಅವ್ವನ ನಾಲಿಗೆ ನನಗೆ ಬೇಕಿತ್ತು, ಅದಕ್ಕೇ ಹೇಳಲಿಲ್ಲ. ಆಮೇಲೂ ಮೂರು ಸಲ ರಮ್ಮು ಕುಡಿಸಿದೆ, ಸಿಗಾರು ಸೇದಿಸಿದೆ.

ಅನಂತನಿಗೆ ಓದಲು ಕೊಟ್ಟೆ. ಎರಡು ಸಲ ಓದಿ, ಮಡಿಸಿ ಕೊಟ್ಟರು. "ಈಗ ಹೇಳಿ ಯಾರಿಗೇನು ಲಾಭ? ಆ ಹುಡುಗಿ ಸಮಾಧಾನದಾಗ ಅದಾಳ. ಯಾಕ ಕೆಡಸ್ತಿ?"

ಅವರು ಹೇಳುವುದರಲ್ಲೂ ಸತ್ಯವಿದೆ. ಈ ಕಾಗದ ಅವಳಿಗಾಗಿಯೋ, ನನ್ನ ನಿದ್ದೆಗಾಗಿಯೋ? ಗೊತ್ತಿಲ್ಲ. ಆದರೆ ಆ ಅಕ್ಕಿಯ ಅನ್ನವನ್ನು ನಿನ್ನೆ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಲಕೋಟೆ ಅಂಟಿಸಿದೆ. ಸ್ಟಾಂಪು ಹಚ್ಚಿದೆ. ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ: ಪೋಸ್ಟ್, ಮಾರ್ಚ್ 3. ಆಪರೇಷನ್ ಮುಗಿಯಲಿ, ಆಮೇಲೆ.

ಮುಗಿಯಲಿ, ಆಮೇಲೆ.

ಹಿಂದಿನ ಪುಟಗಳನ್ನು ತಿರುವಿದೆ. ಅದೇ ಕೈ, ಅದೇ ಮಾತು.

ರಬ್ಬರ್ ತಂದು ಮಾರ್ಚ್ 3 ಅಳಿಸಿದೆ. ಅಲ್ಲೇ ಬರೆದೆ: ಪೋಸ್ಟ್, ಫೆಬ್ರವರಿ 25, ಬುಧವಾರ.