ಪರೀಕ್ಷೆಯ ಹೊತ್ತಿನ ಉಪ್ಪು ಮೆಣಸು

ಫರ್ವಾನಿಯಾ, ಕುವೈತ್
೨-೬-೨೦೨೪, ಭಾನುವಾರ

ಪ್ರೀತಿಯ ತಂಗಿ ಅಮಿತಾಳಿಗೆ,

ಮೋಹಿನಕ್ಕನ ಆಶೀರ್ವಾದಗಳು. ನಾನು ಕ್ಷೇಮ. ನೀನು ಕ್ಷೇಮವಾಗಿಲ್ಲವೆಂದು ಗೊತ್ತಿರುವುದರಿಂದ ಆ ಪ್ರಶ್ನೆ ಕೇಳುವುದಿಲ್ಲ. ನೀನು ಕಳಿಸಿದ ಹನ್ನೊಂದು ವಾಯ್ಸ್ ಮೆಸೇಜುಗಳನ್ನೂ ಕೇಳಿದ್ದೇನೆ. ಒಂದಕ್ಕೂ ಉತ್ತರಿಸದೆ ಎರಡು ವಾರ ಕೂತದ್ದಕ್ಕೆ ಕ್ಷಮಿಸು. ಫೋನಿನಲ್ಲಾದರೆ ನಡುವೆ ನೀನು ಅಳಲು ತೊಡಗುತ್ತೀ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಈ ಸಲ ಪೂರ್ತಿ ಹೇಳಬೇಕು. ನಾಳೆ ರೋಶನ್ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಪತ್ರ, ಎರಡು ಡಬ್ಬಿ ಹಾಲಿನ ಪುಡಿ, ಒಂದು ಕಿಲೋ ಖರ್ಜೂರ ಕಳಿಸುತ್ತಿದ್ದೇನೆ. ಖರ್ಜೂರ ನಿನ್ನ ಅಮ್ಮನಿಗೆ, ಹಲ್ಲಿಗೆ ಹಿಡಿಯದ ಮೆತ್ತಗಿನ ಜಾತಿಯದನ್ನೇ ಆರಿಸಿದ್ದೇನೆ.

ಇಲ್ಲಿ ಬಿಸಿಲು ಏರಿಬಿಟ್ಟಿದೆ. ತಣ್ಣೀರಿನ ನಲ್ಲಿ ತಿರುಗಿಸಿದರೂ ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ ಬರುತ್ತದೆ. ಕಟ್ಟಡದ ಲಿಫ್ಟ್ ಮತ್ತೆ ಕೆಟ್ಟಿದೆ, ಹಾಗಾಗಿ ದಿನಕ್ಕೆರಡು ಸಲ ನಿನ್ನ ಮನೆಯ ಬಾಗಿಲ ಮುಂದೆಯೇ ಹತ್ತಿ ಇಳಿಯುತ್ತೇನೆ. ಒಬ್ಬರೇ ಉಳಿದ ನಿನ್ನ ಯಜಮಾನರು, ಸುಂದರಣ್ಣ, ಮೀನಾ ಅಲ್ ಅಹ್ಮದಿಯ ರಿಫೈನರಿ ಡ್ಯೂಟಿಯಿಂದ ಬಂದು ಖುಬ್ಬೂಸ್ ರೊಟ್ಟಿಗೆ ಡಬ್ಬಿ ಮೀನು ಹಚ್ಚಿಕೊಂಡು ತಿಂದು ಮಲಗುತ್ತಾರಂತೆ. ಒಂದು ದಿನ ಮೀನು ಸಾರು ಕೊಟ್ಟು ಬಂದೆ. ಪಾತ್ರೆ ಇನ್ನೂ ವಾಪಸು ಬಂದಿಲ್ಲ.

ನೀನು ಮಗಳು ಅಕ್ಷಯಾಳನ್ನು ಕರೆದುಕೊಂಡು ಊರಿಗೆ ಹೊರಟ ಮಾರನೆಯ ದಿನವೇ ಅವರು ಯೂನಿವರ್ಸಿಟಿಯ ನನ್ನ ಆಫೀಸಿಗೆ ಬಂದಿದ್ದರು. ಡ್ಯೂಟಿ ಮುಗಿಸಿ ನೇರವಾಗಿ ಬಂದಿರಬೇಕು, ಕೈಯಲ್ಲಿ ಹೆಲ್ಮೆಟ್ ಇತ್ತು. ನನ್ನ ಪಕ್ಕದ ಮೇಜಿನ ಲೊರೈನ್ ಯಾರೋ ಎಸಿ ರಿಪೇರಿಗೆ ಬಂದವರೆಂದು ತಿಳಿದು ಹಾಳಾದ ಎಸಿಯನ್ನು ತೋರಿಸಿದಳು. ಪಾಪ, ಅವರು ಅದನ್ನೂ ಎರಡು ನಿಮಿಷ ನೋಡಿದರು.

"ಮೋಹಿನಕ್ಕ, ನೀವು ಈ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಇರುವವರು. ನಾನು ಬರೆದು ಕೊಟ್ಟದ್ದನ್ನು ಪರೀಕ್ಷಾ ಕಮಿಟಿಯವರು ಓದ್ಲೇ ಇಲ್ಲ. ಮನೆಯವರ ಮಾತು ನಡೀಲಿಕ್ಕಿಲ್ಲವಂತೆ, ಯೂನಿವರ್ಸಿಟಿಯವರೇ ಒಬ್ರು ಸಹಿ ಹಾಕ್ಬೇಕಂತೆ. ಒಂದು ಪುಟ ಬರ್ದು ಕೊಡಿ ಅಕ್ಕ" ಎಂದರು.

ಚಾ ತರಿಸಿಕೊಟ್ಟೆ. ನೋಡುವ ಎಂದೆ. ಗಂಡಸು, ಐವತ್ತು ದಾಟಿದವರು, ಪೇಪರ್ ಕಪ್ಪಿನೊಳಗೆ ನೋಡುತ್ತಾ ಅತ್ತರು ಅಮಿತಾ. ನನಗೆ ಸಂಕಟವಾಯಿತು. ಆದರೆ ನಾನು ಬರೆಯಲಿಲ್ಲ. ಮೇಲ್ಮನವಿಯ ಕೊನೆಯ ದಿನ ಮೊನ್ನೆ ಗುರುವಾರ. ಅದೂ ಮುಗಿಯಿತು. ಇನ್ನು ಆ ಬಾಗಿಲು ತೆರೆಯುವುದಿಲ್ಲ, ಖಲಾಸ್.

ಹನ್ನೊಂದು ಮೆಸೇಜಿನಲ್ಲೂ ನೀನು ಒಂದೇ ಮಾತು ಕೇಳಿದ್ದೀ: "ಏನೂ ಮಾಡದ ಹುಡುಗಿಯನ್ನು ಕಳ್ಳಿ ಅಂತ ಹೇಗೆ ಹೇಳಿದ್ರು ಅಕ್ಕ?" ಹೇಗೆಂದು ನಾನು ಹೇಳುತ್ತೇನೆ. ನನ್ನ ಕೆಲಸ ಏನೆಂದು ಇಷ್ಟು ವರ್ಷದಲ್ಲಿ ನೀನು ಸರಿಯಾಗಿ ಕೇಳಿಕೊಂಡವಳೇ ಅಲ್ಲ. 'ಕಂಪ್ಯೂಟರ್ ಒರೆಸುವುದು' ಎಂದು ನೀನು ಎಲ್ಲರ ಮುಂದೆ ತಮಾಷೆ ಮಾಡುತ್ತಿದ್ದೆ. ಮೇಷ್ಟ್ರುಗಳ ಪಾಠದ ವೀಡಿಯೊಗಳನ್ನು ಹಾಕುವುದು, ಮರೆತ ಪಾಸ್‌ವರ್ಡ್ ಸರಿಮಾಡುವುದು, ಪರೀಕ್ಷೆಯ ಪುಟವನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವುದು ನಾನು. ಕೊರೊನಾ ಕಾಲದ ಆನ್‌ಲೈನ್ ಪರೀಕ್ಷೆ ಅರ್ಧ ವಿಷಯಗಳಿಗೆ ಹಾಗೆಯೇ ಉಳಿದುಕೊಂಡಿತಲ್ಲ, ಮನೆಯಲ್ಲಿ ಕೂತು ಬರೆಯುವ ಮಕ್ಕಳನ್ನು ಕ್ಯಾಮೆರಾದಿಂದ ಕಾಯುವುದು ಒಂದು ಸಾಫ್ಟ್‌ವೇರ್. ಅದು ಯಾರನ್ನೂ ಫೇಲ್ ಮಾಡುವುದಿಲ್ಲ. ಸಂಶಯ ಬಂದಲ್ಲಿ ಒಂದು ಕೆಂಪು ಬಾವುಟ ಇಡುತ್ತದೆ, ಅಷ್ಟೆ. ಆಮೇಲೆ ನೋಡಿ ತೀರ್ಮಾನಿಸುವವರು ಮನುಷ್ಯರು.

ಕೊನೆಯ ಸೆಮಿಸ್ಟರಿನ ಕೊನೆಯ ಪರೀಕ್ಷೆ. ಅಂದು ಬೆಳಿಗ್ಗೆ ನಾನು ನಿಮ್ಮ ಮನೆಗೆ ಬಂದು ಅಕ್ಷಯಾಳ ಮೇಜು, ದೀಪ, ಕ್ಯಾಮೆರಾ ಎಲ್ಲ ಸರಿಮಾಡಿಕೊಟ್ಟೆ. ನೆನಪಿದೆಯೇ? "ಎರಡು ಗಂಟೆ ಹೊತ್ತು ಈ ಕೋಣೆಗೆ ನೊಣವೂ ಬರಬಾರದು" ಎಂದು ನಿನಗೆ ಎರಡೆರಡು ಸಲ ಹೇಳಿದೆ. ನೀನು "ಆಯ್ತು ಮಾರಾಯ್ತಿ" ಎಂದೆ. ಹೊರಡುವಾಗ ನಾನು ಆ ಮಗುವಿನ ಕೆನ್ನೆ ಹಿಡಿದು, "ನೀಲಿ ಚೂಡಿದಾರಿನಲ್ಲಿ ಎಷ್ಟು ಚಂದ ಕಾಣ್ತೀ, ರ‍್ಯಾಂಕು ನಿನಗೇ" ಎಂದೆ. ಪ್ರೀತಿಗೆ ಹೇಳಿದ್ದು.

ನಲವತ್ತನೆಯ ನಿಮಿಷಕ್ಕೆ ಅವಳು ಹಣೆ ಒತ್ತಿಕೊಳ್ಳುತ್ತಾಳೆ. ರಾತ್ರಿ ಪೂರ್ತಿ ಓದಿದವಳಿಗೆ ತಲೆ ತಿರುಗುವುದು ಸಹಜ, ಒಂದು ಲೋಟ ನೀರು ಕುಡಿದರೆ ಹೋಗುವಂಥದ್ದು. ಆದರೆ ನಿನಗೆ ತಡೆಯಲಾಗಲಿಲ್ಲ. ಕ್ಯಾಮೆರಾಕ್ಕೆ ಕಾಣಬಾರದೆಂದು ಮೇಜಿನ ಪಕ್ಕ ತೆವಳಿಕೊಂಡು ಬಂದೆ. ನಿನ್ನ ತಲೆ ಕಾಣಲಿಲ್ಲ ನಿಜ. ಕಂಡದ್ದು ಒಂದು ಕೈ. ಮೇಜಿನ ಕೆಳಗಿಂದ ಬಳೆ ತೊಟ್ಟ ಕೈಯೊಂದು ಎದ್ದು, ಮುಷ್ಟಿ ಬಿಗಿದುಕೊಂಡು, ಹುಡುಗಿಯ ಮುಖದ ಸುತ್ತ ಮೂರು ಸುತ್ತು ತಿರುಗುತ್ತದೆ. ಜೊತೆಗೆ ಮೆಲ್ಲಗಿನ ಧ್ವನಿ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಘಾಟು ಬಂದಿರಬೇಕು, ಅಕ್ಷಯಾ ಕೆಮ್ಮುತ್ತಾಳೆ. ಒಟ್ಟು ಹದಿಮೂರು ಬಾವುಟ. ನಮ್ಮವರು ಯಾರು ನೋಡಿದರೂ ಉಪ್ಪು ಮೆಣಸು ಸುಳಿದು ದೃಷ್ಟಿ ತೆಗೆಯುತ್ತಿದ್ದಾರೆ ಎನ್ನುತ್ತಾರೆ. ನೋಡಿದವರು ನಾವೆಲ್ಲ ಡಾಕ್ಟರ್ ಎಂದೇ ಕರೆಯುವ ಈಜಿಪ್ಟಿನ ಪ್ರೊಫೆಸರ್ ಮತ್ತು ಕಮಿಟಿಯ ಇನ್ನಿಬ್ಬರು. ಅವರಿಗೆ ಕಂಡದ್ದು ಚೀಟಿ ಅಡಗಿಸಿದ ಮುಷ್ಟಿ.

ಅವರೂ ಆತುರಪಡಲಿಲ್ಲ ಅಮಿತಾ, ಆ ಮಾತು ಹೇಳಲೇಬೇಕು. ಧ್ವನಿ ಏನು ಹೇಳುತ್ತಿದೆಯೆಂದು ತಿಳಿಯಲು ಯಂತ್ರಕ್ಕೆ ಕೊಟ್ಟರು. 'ಅಪರಿಚಿತ ಭಾಷೆ' ಎಂದು ಬಂತು. ಲೊರೈನ್‌ಗೆ ಕೇಳಿಸಿದರು. ಅವಳು ಗೋವಾದವಳು, ತುಳು ಎಲ್ಲಿ ಬರಬೇಕು? ಆಮೇಲೆ ಇನ್ನೊಬ್ಬ ಭಾರತೀಯ ಸಿಬ್ಬಂದಿಗೆ ಕೇಳಿಸಿ ಬರಹದಲ್ಲಿ ವರದಿ ಪಡೆದರು. 'ಭಾಷೆ ತಿಳಿಯದು. ಒಂದರ ಹಿಂದೆ ಒಂದು ಹೇಳಿಕೊಟ್ಟ ಹಾಗೆ ಕೇಳುತ್ತದೆ. ವಿದ್ಯಾರ್ಥಿನಿಯೂ ನಡುವೆ ಮಾತು ಸೇರಿಸುತ್ತಾಳೆ' ಎಂದು ಆ ವರದಿ. ಅಲ್ಲಿಗೆ ಮುಗಿಯಿತು. ಹೆಸರು ಹೊಡೆದುಹಾಕಿದರು. ಅಂಕಪಟ್ಟಿಯ ಮೇಲೆ 'ಪರೀಕ್ಷಾ ಅಕ್ರಮ' ಎಂಬ ಎರಡು ಪದ ಕೂತಿದೆ. ಅದನ್ನು ಹಿಡಿದುಕೊಂಡು ಹೋದರೆ ಮಂಗಳೂರಿನಲ್ಲೂ ಯಾವ ಕಾಲೇಜೂ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುವುದು ಕಷ್ಟ. ನಾಲ್ಕು ವರ್ಷದ ಓದು ನೀರಲ್ಲಿ ಹೋಮ.

ಅವಳು ಊಟ ಬಿಟ್ಟಿದ್ದಾಳೆ, ಕೋಣೆಯ ಬಾಗಿಲು ತೆರೆಯುವುದಿಲ್ಲ ಎಂದು ನಿನ್ನ ಕೊನೆಯ ಮೆಸೇಜಿನಲ್ಲಿ ಹೇಳಿದ್ದೀ. ಅದನ್ನು ನಾನು ಎರಡು ಸಲ ಕೇಳಿದೆ. ನೀನು ಕ್ಲಿನಿಕ್ಕಿನ ಡ್ಯೂಟಿಗೆ ಹೋಗುತ್ತಿದ್ದ ಮೂರು ವರ್ಷ ಅವಳು ಬೆಳೆದದ್ದು ನನ್ನ ಮನೆಯಲ್ಲಿ. ಊಟ ಬಿಟ್ಟರೆ ಅವಳಿಗೆ ಮೊಸರನ್ನಕ್ಕೆ ಸಕ್ಕರೆ ಹಾಕಿ ಕೊಡಬೇಕು, ನಿನಗೆ ಗೊತ್ತಿರಲಿಕ್ಕಿಲ್ಲ. ಕೊಟ್ಟು ನೋಡು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಲು ಬಿಡಬೇಡ. ಅವಳ ಮೇಲೆ ನನಗಿರುವ ಪ್ರೀತಿ ಹೋಗಿಬಿಟ್ಟಿದೆ ಎಂದು ನೀನು ತಿಳಿಯುವುದು ಬೇಡ. ಹೋಗಿದ್ದರೆ ನಾನು ಇಷ್ಟೊಂದು ನಿದ್ದೆಗೆಡುತ್ತಿರಲಿಲ್ಲ.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನಗೆ ತಡೆದುಕೊಳ್ಳುವ ಶಕ್ತಿ ಕೊಡಲಿ. ಅಕ್ಷಯಾ ನೂರು ಕಾಲ ಬಾಳಲಿ, ಒಳ್ಳೆಯ ಮನೆ ಸೇರಲಿ, ಅವಳ ಮಡಿಲು ತುಂಬಲಿ. ಅದನ್ನು ಮನಸಾರೆ ಹಾರೈಸುತ್ತೇನೆ.

ಇಂತು,
ನಿನ್ನ ಮೋಹಿನಕ್ಕ

ತಾ.ಕ.: ಆ ಇನ್ನೊಬ್ಬ ಭಾರತೀಯ ಸಿಬ್ಬಂದಿ ನಾನೇ.

ಹೆಡ್‌ಫೋನ್ ಕಿವಿಗಿಟ್ಟಾಗ ನಿನ್ನನ್ನು ಉಳಿಸಬೇಕೆಂದೇ ಕೂತಿದ್ದೆ, ದೇವರಾಣೆ. ನಾಯಿಯ ಕಣ್ಣು, ನರಿಯ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು ಎಂದು ನೀನು ಹೇಳುತ್ತಿದ್ದೆ. ನನಗೆ ನಗು ಬಂತು. ಡಾಕ್ಟರಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದೆಂದು ಯೋಚಿಸುತ್ತಿದ್ದೆ. ಆಗ ಅಕ್ಷಯಾಳ ಧ್ವನಿ ಕೇಳಿತು. ಇಪ್ಪತ್ತು ವರ್ಷ ನನ್ನ ಹತ್ತಿರ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಹುಡುಗಿ ಅಚ್ಚ ತುಳುವಿನಲ್ಲಿ ಹೇಳಿದಳು: "ಮೋಹಿನಿ ಆಂಟಿಯ ಕಣ್ಣು ಅಂತ ಹೇಳಮ್ಮ. ಅದೇ ಬಿದ್ದದ್ದು." ನೀನು ಮೇಜಿನ ಕೆಳಗಿಂದ, "ನರರ ಕಣ್ಣಿಗೆ ಮರ ಸಿಡೀತದಂತೆ ಮಗಾ, ಹೆರದವಳ ಕಣ್ಣಿಗೆ ಎಂತ ಉಳಿಯುದು? ಇನ್ನು ಪರೀಕ್ಷೆ ದಿವ್ಸ ಅವಳನ್ನು ಒಳಗೆ ಕರಿಯುದು ಬೇಡ" ಎಂದೆ. ಇಬ್ಬರೂ ನಕ್ಕಿರಿ.

"ಏನು ಹೇಳ್ತಿದ್ದಾರೆ ಮೋಹಿನಿ, ನಿಮ್ಮ ಭಾಷೆಯೇ?" ಎಂದು ಡಾಕ್ಟರ್ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

"ನನ್ನದಲ್ಲ ಸರ್" ಎಂದೆ.